ಅಳುವ ಕೂಸಿಗೆ ಊರೆಲ್ಲ ವೈದ್ಯರು

ನನಗೆ ಸಿಟ್ಟು ಹೆಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತ ಓದುತ್ತ ನಿಮಗೇ ಗೊತ್ತಾಗುತ್ತದೆ; ಆಗ ಈ ಮನುಷ್ಯ ಮುಚ್ಚಿಟ್ಟಿದ್ದ ಅನ್ನಬಾರದು. ನಾನು ಹೊನ್ನಾಳಿಯಲ್ಲಿ ಖಾಸಗಿ ಬಸ್ಸುಗಳ ಕಂಟ್ರೋಲರ್. ಯಾವ ಬಸ್ಸು ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವುದು ನನ್ನ ಕೆಲಸ ಎಂದು ಜನ ತಿಳಿದಿದ್ದಾರೆ. ನಿಜವಾದ ಕೆಲಸ ಬೈಯುವುದು. ಹೊತ್ತು ಮೀರಿದರೂ ಸೀಟು ತುಂಬಲಿ ಅಂತ ಇಂಜಿನ್ ಗುರುಗುಟ್ಟಿಸುತ್ತ ನಿಂತ ನ್ಯಾಮತಿ ಬಸ್ಸಿನವನನ್ನು ಬೈಯಬೇಕು, ಅವನ ಬೆನ್ನಿಗೆ ಹಾರ್ನ್ ಹೊಡೆಯುವ ಚನ್ನಗಿರಿ ಬಸ್ಸಿನವನನ್ನು ಬೈಯಬೇಕು, ಇಬ್ಬರ ನಡುವೆ ಸ್ಕೂಟರ್ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳಲು ಹೋದವನನ್ನು ಅವನು ಬಂದ ಮೇಲೆ ಬೈಯಬೇಕು. ಇಷ್ಟು ವರ್ಷ ಇದನ್ನೇ ಮಾಡಿ ನನ್ನ ಗಂಟಲಿಗೆ ಮೈಕು ಬೇಡವಾಗಿದೆ. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೂ ಬೀದಿಯ ಕೊನೆಯ ಮನೆಯವರು ತಂದುಕೊಡಬೇಕು, ಹಾಗೆ ಕೇಳುತ್ತೇನೆಂದು ನನ್ನ ಹೆಂಡತಿ ಗಿರಿಜೆಯ ದೂರು.

ಇಂಥ ನನಗೂ ಸಿಟ್ಟು ಮಾಡಲು ಪರವಾನಗಿ ಇಲ್ಲದ ಒಂದು ಜಾಗವಿದೆ. ಅದು ಬೀಗರ ಮುಂದೆ. ಮಗಳು ಸುಮಾಳನ್ನು ಜಗಳೂರಿಗೆ ಮದುವೆ ಮಾಡಿ ಕೊಟ್ಟ ದಿನ ಅವಳ ಟ್ರಂಕಿನ ಜೊತೆ ನನ್ನ ನಾಲಿಗೆಯನ್ನೂ ಬಸ್ಸಿಗೆ ಹಾಕಿ ಕಳಿಸಿದ್ದೇನೆ. ಅವಳ ಅತ್ತೆ ಹಾಲಮ್ಮನವರು "ಕಾಫಿ ಒಂಚೂರು ಆರೈತೆ" ಅಂದರೆ ನಾನು ಗ್ಯಾಸ್ ಒಲೆಯ ಪರವಾಗಿಯೂ ತಪ್ಪಾಯಿತು ಅನ್ನುತ್ತೇನೆ. ಹೆಣ್ಣು ಕೊಟ್ಟವರು ದನಿ ಏರಿಸಬಾರದು ಎಂದು ಯಾರು ಕಾನೂನು ಮಾಡಿದರೋ, ಅವರ ಮನೆಯಲ್ಲಿ ಖಂಡಿತ ಬರೀ ಗಂಡುಮಕ್ಕಳೇ ಇದ್ದಿರಬೇಕು.

ಸುಮಾ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣು ಮಗು. ಹಗಲೆಲ್ಲ ದೇವರಂಥ ಕೂಸು. ದೀಪ ಹಚ್ಚುವ ಹೊತ್ತಾಯಿತೋ, ಶುರು. ಮುಷ್ಟಿ ಬಿಗಿಹಿಡಿದು, ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅಳುವ ಅಳು ಇದೆಯಲ್ಲ, ನನ್ನ ಗಂಟಲಿಗೆ ವಾರಸುದಾರರು ಸಿಕ್ಕರು ಅನ್ನಿಸಿತು. ಹಾಲು ಕೊಟ್ಟರೂ ಅಳು, ಎತ್ತಿಕೊಂಡರೂ ಅಳು, ತೊಟ್ಟಿಲಿಗೆ ಹಾಕಿದರೂ ಅಳು. ಸುಮಾ ಮಗುವಿನ ಜೊತೆ ತಾನೂ ಅಳತೊಡಗಿದಳು. ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಅವರು ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಮಗು ಚೆನ್ನಾಗಿದೆ. ಕೆಲವು ಮಕ್ಕಳು ಸಂಜೆ ಹೀಗೇ ಅಳುತ್ತವೆ. ಮೂರ್ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತೆ. ಜ್ವರ ಬಂದರೆ, ವಾಂತಿ ಆದರೆ, ಹಾಲು ಬಿಟ್ಟರೆ ತಕ್ಷಣ ಬನ್ನಿ. ತಾಯಿಹಾಲು ಬಿಟ್ಟು ಬೇರೇನೂ ಕೊಡಬೇಡಿ" ಅಂದರು. ಔಷಧಿ ಬರೆಯಲಿಲ್ಲ. ಅಲ್ಲೇ ಕೆಟ್ಟಿದ್ದು. ಔಷಧಿ ಬರೆಯದ ಡಾಕ್ಟರನ್ನು ನಮ್ಮ ಜನ ಡಾಕ್ಟರ್ ಎಂದು ಒಪ್ಪುವುದಿಲ್ಲ. ಆ ಖಾಲಿ ಜಾಗಕ್ಕೆ ಊರಿಗೆ ಊರೇ ನುಗ್ಗಿತು.

ಎದುರು ಮನೆಯಾಕೆ ಇಂಗನ್ನು ನೀರಲ್ಲಿ ಕಲಸಿ ಹೊಕ್ಕಳಿಗೆ ಹಚ್ಚಿ ಹೋದರು. ಮನೆಯೆಲ್ಲ ಸಾರಿನ ವಾಸನೆ, ಅಳು ಹಾಗೇ ಇತ್ತು. ಪಕ್ಕದ ಮನೆಯಾಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಗುವಿನ ಜೊತೆ ನಾವೂ ಕೆಮ್ಮಿದೆವು. ಇನ್ನೊಬ್ಬರು ಬಜೆ ತೇಯ್ದು ನೆಕ್ಕಿಸಲು ಬಂದರು, ಮತ್ತೊಬ್ಬರು ಜೇನುತುಪ್ಪದಲ್ಲಿ ಬೆರಳದ್ದಿಕೊಂಡೇ ಬಂದರು. ಬಾಗಿಲಲ್ಲಿ ಅಡ್ಡ ನಿಂತು ಈ ಇಬ್ಬರನ್ನು ವಾಪಸ್ಸು ಕಳಿಸುವಷ್ಟರಲ್ಲಿ ನನಗೆ ಎರಡು ಸಂಸಾರಗಳ ಸ್ನೇಹ ತಪ್ಪಿತು. ಅಳಿಯ ಮಂಜುನಾಥ ಜಗಳೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯಲ್ಲಿ ಕೂತೇ ಮೊಬೈಲಿನಲ್ಲಿ ವೈದ್ಯ ಮಾಡುತ್ತಿದ್ದ. ಅಂಗಾಲಿನ ಯಾವ ಮೂಲೆ ಒತ್ತಿದರೆ ಹೊಟ್ಟೆಯ ಯಾವ ಗಾಳಿ ಹೋಗುತ್ತದೆ ಎಂಬ ವಿಡಿಯೋ ಕಳಿಸಿದ. ಆಮೇಲೆ, ಗರ್ರ್ ಅನ್ನುವ ಸದ್ದು ಕೇಳಿದರೆ ಮಕ್ಕಳಿಗೆ ತಾಯಿಯ ಗರ್ಭದಲ್ಲಿದ್ದಂತೆ ಆಗುತ್ತದಂತೆ, ಮಿಕ್ಸಿ ಹಾಕಿಡಿ ಎಂದ. ಮಿಕ್ಸಿ ಖಾಲಿ ತಿರುಗಿತು. ಮಗು ಮಿಕ್ಸಿಗಿಂತ ಒಂದು ಸ್ಥಾಯಿ ಮೇಲೆ ಹೋಯಿತು. ಕಡೆಗೆ ಮೋಟಾರು ಸುಟ್ಟು ಹೊಗೆ ಬಂದು ಮಿಕ್ಸಿ ಸುಮ್ಮನಾಯಿತು, ಮಗು ಆಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಚಟ್ನಿ ಇಲ್ಲ. ಅಳಿಯ ಗರ್ಭದ ವಿಷಯ ಮತ್ತೆ ಎತ್ತಲಿಲ್ಲ.

ನನಗೆ ಉರಿಯುವುದು ಮದ್ದಿಗಲ್ಲ, "ನಮ್ಮ ಮಗೂಗೆ ಗುಣ ಆತು" ಎಂಬ ಮಾತಿಗೆ. ಬಸ್ ನಿಲ್ದಾಣದಲ್ಲಿ ಕಾಯುವವರನ್ನು ನೋಡಿದ್ದೇನೆ. ಕಾದೂ ಕಾದೂ ಸಾಕಾಗಿ ಒಬ್ಬ ಟೀ ಹೇಳುತ್ತಾನೆ, ಟೀ ಕೈಗೆ ಬಂದಾಗಲೇ ಬಸ್ಸು ಬರುತ್ತದೆ. "ನೋಡ್ರಿ, ಟೀ ಹೇಳಿದ ಕೂಡ್ಲೆ ಬಸ್ ಬರ್ತೈತೆ" ಎಂದು ಅವನು ಬಾಯಿ ಸುಟ್ಟುಕೊಂಡು ಹತ್ತುತ್ತಾನೆ. ಬಸ್ಸು ತನ್ನ ಹೊತ್ತಿಗೆ ಬಂದಿದೆ; ಅದನ್ನು ಕಳಿಸಲು ಆ ಕಡೆಯ ನಿಲ್ದಾಣದಲ್ಲಿ ನನ್ನಂಥವನೊಬ್ಬ ಗಂಟಲು ಹರಿದುಕೊಂಡಿದ್ದಾನೆ. ಹೆಸರು ಮಾತ್ರ ಟೀಗೆ. ಮಗುವಿನ ಅಳುವೂ ಅಷ್ಟೇ. ಅದು ನಿಂತ ಗಳಿಗೆಯಲ್ಲಿ ಯಾರ ಕೈಯಲ್ಲಿ ಇಂಗಿತ್ತೋ ಅವರು ವೈದ್ಯರು.

ಇಷ್ಟೆಲ್ಲ ತಿಳಿದ ನಾನೂ ಚನ್ನಗಿರಿ ಬಸ್ಸು ಹತ್ತಿದೆ. ಸುಮಾಳ ಕಣ್ಣ ಕೆಳಗಿನ ಕಪ್ಪು ನೋಡಲಾಗದೆ ಹತ್ತಿದೆ. ಸೂಳೆಕೆರೆಯ ಪಕ್ಕದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಮಕ್ಕಳಿಗೆ ದಾರ ಕಟ್ಟುತ್ತಾಳೆ. ಗುರುವಾರ, ಭಾನುವಾರ ಮಾತ್ರ. ದುಡ್ಡು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಎಲೆ ಅಡಿಕೆ ಇಟ್ಟರೆ ಆಯಿತು. ದಾರ ತಾನೇ, ಹೊಟ್ಟೆಗೇನೂ ಹೋಗುವುದಿಲ್ಲವಲ್ಲ ಎಂದು ಒಪ್ಪಿದೆ. ಬಸ್ಸು ಹೊರಟದ್ದೇ ತಡ ಮಗು ನಿದ್ದೆ ಹೋಯಿತು. ಕೆರೆಯ ಏರಿಯ ಮೇಲೂ ನಿದ್ದೆ, ಅಜ್ಜಿಯ ಮನೆಯಲ್ಲೂ ನಿದ್ದೆ. "ನನ್ನ ಹೊಸ್ತಿಲು ತುಳಿಯೋ ಹೊತ್ತಿಗೇ ಅರ್ಧ ಗುಣ ಆಗೈತೆ" ಎನ್ನುತ್ತ ಅಜ್ಜಿ ದಾರ ಕಟ್ಟಿದಳು. ಇಂಥ ಕಡೆಯಿಂದ ಹೊರಡುವಾಗ ಹೋಗಿ ಬರ್ತೀವಿ ಅನ್ನಬಾರದು, ತಿರುಗಿ ನೋಡಬಾರದು. ಹಾಗೆ ಅಂದರೆ, ನೋಡಿದರೆ ರೋಗವೂ ತಿರುಗಿ ಬರುತ್ತದೆ. ಗಿರಿಜೆ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದಿದ್ದಳು. ನಾನು ಚಪ್ಪಲಿ ಮೆಟ್ಟಿ, ಕೈ ಮುಗಿದು, ಊರಿಗೆಲ್ಲ ಕೇಳುವಂತೆ "ಬರ್ತೀವಜ್ಜೀ" ಅಂದುಬಿಟ್ಟೆ. ಹುಟ್ಟಿದಾಗಿನಿಂದ ರೂಢಿಯಾದ ಮಾತು, ಏನು ಮಾಡಲಿ? ವಾಪಸ್ಸು ಬಸ್ಸಿನಲ್ಲೂ ಮಲಗಿದ್ದ ಮಗು ಹೊನ್ನಾಳಿಯಲ್ಲಿ ಇಂಜಿನ್ ನಿಂತದ್ದೇ ಎದ್ದು, ಹಿಂದಿನ ದಿನ ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಸಿತು. ತಪ್ಪು ದಾರದ್ದಲ್ಲ, ಅಜ್ಜಿಯದ್ದಲ್ಲ. ನನ್ನದು.

ಆ ವಾರವೇ ಜಗಳೂರಿನಿಂದ ಬೀಗರು ಬಂದರು. ಹಾಲಮ್ಮನವರು, ಮಂಜುನಾಥ. ಸಂಜೆಯಾಯಿತು, ಕೂಸಿನ ಸಂಗೀತ ಕಛೇರಿ ಶುರುವಾಯಿತು. ಹಾಲಮ್ಮನವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, "ಇದಕ್ಕೆ ನಿಮ್ಮ ದಾರ ಗೀರ ನಡಿಯಂಗಿಲ್ಲ ಬೀಗರೆ. ಬರೆ ಹಾಕಿಸ್ಬೇಕು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಹೊಕ್ಕಳ ಸುತ್ತ ಸಣ್ಣಗೆ. ಅರಿಶಿನ ಕೊಂಬು ಕೆಂಡದಾಗೆ ಕಾಯ್ಸಿ ಚುರ್ ಅನ್ಸೋದು ಅಷ್ಟೆ. ನಮ್ಮೂರ ಹತ್ರ ಒಬ್ಬ ಅದಾನೆ, ಕೈಗುಣ ಭಾಳ ಚಲೋ ಐತೆ. ನಮ್ಮ ಮಂಜಂಗೂ ಹಾಕ್ಸಿದ್ವಿ, ನೋಡ್ರಿ ಈಗ ಹೆಂಗದಾನೆ. ನಾಳೆ ಮುಂಜಾನೆ ಬಸ್ಸಿಗೆ ತಾಯಿ ಮಗೂನ ಕರ್ಕೊಂಡು ಹೋಗ್ತೀವಿ."

ಮಂಜು ಹೇಗಿದ್ದಾನೆ ಎಂದು ನಾನು ನೋಡಿದೆ. ಮೊಬೈಲ್ ನೋಡುತ್ತಿದ್ದ. ಸುಮಾ ಮಗುವನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. ಅತ್ತೆಗೆ ಬೇಡ ಅನ್ನುವ ಧೈರ್ಯ ಅವಳಿಗಿಲ್ಲ, ಅಪ್ಪ ಅಂದಾನು ಎಂಬ ನಂಬಿಕೆಯೂ ಪೂರ್ತಿ ಇಲ್ಲ. ಗಿರಿಜೆ ಹಿಂದಿನಿಂದ ನನ್ನ ಅಂಗಿಯ ಚುಂಗು ಜಗ್ಗಿದಳು. ಸುಮ್ಮನಿರಿ ಅಂತ ಅರ್ಥ. ಇನ್ನೆಲ್ಲಿಯ ಸುಮ್ಮನೆ!

"ಬರೇನಾ? ಯಾರಿಗ್ರೀ ಬರೆ?" ಅಂದೆ. ಅಂದೆ ಎಂದು ಬರೆಯುತ್ತಿದ್ದೇನೆ, ಗೋಡೆಯ ಕ್ಯಾಲೆಂಡರ್ ಅಲ್ಲಾಡಿತು. "ಅಂಗೈಯಗಲ ಹೊಟ್ಟೆ ಐತಲ್ರೀ ಅದಕ್ಕೆ! ಒಗ್ಗರಣೆ ಎಣ್ಣೆ ಒಂದು ಹನಿ ಕೈಮೇಲೆ ಸಿಡಿದ್ರೆ ನಾವು ಮನೆ ತುಂಬ ಕುಣಿದಾಡ್ತೀವಿ, ಆ ಕೂಸಿಗೆ ಕೆಂಡ ಮುಟ್ಟಿಸಾಕೆ ಹೊಂಟೀರಾ? ಅಳ್ತೈತೆ ಅಂತ ಸುಡಾದು, ಸುಟ್ಟಿದ್ದಕ್ಕೆ ಅಳಾಕೆ ತ್ರಾಣ ಇಲ್ದೆ ಸುಮ್ಮನಾದ್ರೆ ಗುಣ ಆತು ಅನ್ನಾದು! ಅಷ್ಟು ಬೇಕಂದ್ರೆ ಮೊದ್ಲು ನನ್ನ ಹೊಟ್ಟೆ ಮೇಲೆ ಹಾಕ್ರಿ, ಜಾಗ ಬೇಕಾದಷ್ಟೈತೆ! ನಾಳೆ ಯಾವ ಬಸ್ಸಿಗೆ ಹೋಗ್ತೀರಿ ನಾನೂ ನೋಡ್ತೀನಿ. ನಾನು ಸೀಟಿ ಊದ್ಲಿಲ್ಲ ಅಂದ್ರೆ ಈ ಊರಾಗೆ ಒಂದು ಗಾಲಿ ಉರುಳಂಗಿಲ್ಲ!"

ಇನ್ನೂ ಬಹಳ ಅಂದೆ. ಬೀಗಿತ್ತಿಗೆ ಅನ್ನಬಾರದ್ದು, ಡ್ರೈವರುಗಳಿಗೆ ಮಾತ್ರ ಮೀಸಲಾದದ್ದು ಕೂಡ ಒಂದೆರಡು ನುಸುಳಿತು. ಉಸಿರು ಕಟ್ಟಿ ನಿಂತಾಗ ಮನೆ ಗಪ್ ಚುಪ್. ಮುಗಿಯಿತು, ಮಗಳ ಸಂಸಾರಕ್ಕೆ ನಾನೇ ಕಲ್ಲು ಹಾಕಿದೆ ಅಂದುಕೊಂಡೆ. ಆಗ ಗೊತ್ತಾಯಿತು, ಮಗುವೂ ಸುಮ್ಮನಾಗಿದೆ! ಕಣ್ಣು ಅಗಲ ಮಾಡಿ, ಬಾಯಿ ತೆರೆದು, ನನ್ನನ್ನೇ ನೋಡುತ್ತಿದೆ.

ಹಾಲಮ್ಮನವರು ಎದ್ದರು. ಮಗುವನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕೈ ಜೋಡಿಸುವುದರೊಳಗೆ, "ಬೀಗರೆ, ಇನ್ನೊಂದ್ಸಲ ಬೈರಿ" ಎಂದರು.

"ಆಂ?"

"ಬೈರಿ ಅಂದೆ. ಬರೆ ಬ್ಯಾಡ ಬಿಡ್ರಿ. ನಿಮ್ಮ ಬಾಯಾಗೇ ಗುಣ ಇಟ್ಕಂಡು ಊರೆಲ್ಲ ಅಲೀತೀರಲ್ಲ!"

ಮಾರನೆಯ ಬೆಳಿಗ್ಗೆ ಅವರು ತಾಯಿ ಮಗುವನ್ನು ಬಿಟ್ಟು ಹೊರಟರು. ದಾವಣಗೆರೆ ಬಸ್ಸಿನ ಡ್ರೈವರ್ ಮೆಹಬೂಬನ ಹಿಂದಿನ ಸೀಟಿನಲ್ಲಿ ಕೂತು, ಊರು ದಾಟುವುದರೊಳಗೆ ಬಸ್ಸಿಗೆಲ್ಲ ಕಥೆ ಹೇಳಿದರಂತೆ. ಮೆಹಬೂಬ ನನ್ನಿಂದ ದಿನಾ ಬೈಸಿಕೊಳ್ಳುವ ಮನುಷ್ಯ. "ಹಂಗಾದ್ರೆ ನಾನು ಇಷ್ಟು ಗಟ್ಟಿ ಇರಾದು ಅದಕ್ಕೇ ನೋಡ್ರಮ್ಮ" ಎಂದನಂತೆ. ಅವನು ಹೋದ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ.

ಮಗು ಅಂದು ಸಂಜೆಯೂ ಅತ್ತಿತು. ಗಿರಿಜೆ ನಿಲ್ದಾಣಕ್ಕೆ ಫೋನ್ ಮಾಡಿ "ಬೇಗ ಬಂದು ಬೈರೀ" ಎಂದಳು. ಯಾರನ್ನು ಬೈಯಲಿ? ಸುಟ್ಟ ಮಿಕ್ಸಿಯನ್ನು ಬೈದೆ, ಇಲ್ಲದ ಚಟ್ನಿಯನ್ನು ಬೈದೆ, ಅಳಿಯನ ಮೊಬೈಲನ್ನು ಬೈದೆ. ಕೆಲವು ಸಂಜೆ ಮಗು ಸುಮ್ಮನಾಯಿತು, ಕೆಲವು ಸಂಜೆ ಇಲ್ಲ. ಸುಮ್ಮನಾದರೆ ಬೈಗುಳದ ಗುಣ. ಆಗದಿದ್ದರೆ, "ಇವತ್ತು ಮನಸಿಟ್ಟು ಬೈಲಿಲ್ಲ ನೀವು" ಅನ್ನುತ್ತಿದ್ದಳು ಗಿರಿಜೆ. ಇದಕ್ಕೆ ಏನೆಂದು ವಾದ ಮಾಡುವುದು? ನಾಲ್ಕನೆಯ ತಿಂಗಳು ಬರುವಷ್ಟರಲ್ಲಿ ಡಾಕ್ಟರಮ್ಮ ಹೇಳಿದಂತೆಯೇ ಅಳು ತಾನಾಗಿ ಇಳಿಯಿತು. ಬಸ್ಸು ತನ್ನ ಹೊತ್ತಿಗೆ ಬಂದಿತ್ತು. ಎದುರು ಮನೆಯಾಕೆ ಇಂಗಿನಿಂದ ಅಂದರು, ಪಕ್ಕದ ಮನೆಯಾಕೆ ಮೆಣಸಿನಕಾಯಿಯಿಂದ ಅಂದರು. ಆದರೆ ಹೆಚ್ಚು ಓಟು ನನಗೇ ಬಿದ್ದಿತು. ಡಾಕ್ಟರಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ.

ಮೊನ್ನೆ ಗುರುವಾರ ಊಟಕ್ಕೆ ಮನೆಗೆ ಬಂದಿದ್ದೆ. ಜಗಲಿಯ ಮೇಲೆ ಒಬ್ಬ ಯುವಕ, ಅವನ ಹೆಂಡತಿ, ತೋಳಲ್ಲಿ ಚೀರುವ ಕೂಸು. "ನ್ಯಾಮತಿಯಿಂದ ಬಂದೀವ್ರಿ. ಮೆಹಬೂಬಣ್ಣ ಹೇಳಿದ್ರು."

"ಡಾಕ್ಟರಿಗೆ ತೋರ್ಸೀರಾ?"

"ಇಲ್ರೀ. ಮೊದ್ಲು ನಿಮ್ಮತ್ರ ತೋರ್ಸಿ, ಆಮೇಲೆ ನೋಡಣ ಅಂತ."

ನೆತ್ತಿಗೇರಿತು. "ನಾನು ಬಸ್ ಬಿಡಾವ್ನು! ನನಗೆ ಕೂಸಿನ ಹೊಟ್ಟೆ ಏನು ಗೊತ್ತೈತ್ರೀ? ಮೈ ಬೆಚ್ಚಗೈತಾ ನೋಡೀರಾ? ಹಾಲು ಕುಡಿತೈತಾ? ಯಾರೋ ಡ್ರೈವರ್ ಹೇಳ್ದ ಅಂತ ಮಗೂನ ಎತ್ಕಂಡು ಬಸ್ ಹತ್ತೀರಲ್ಲ, ತಲೆ ನೆಟ್ಟಗೈತಾ? ಏಳ್ರಿ! ಮಕ್ಕಳ ಡಾಕ್ಟರಮ್ಮ ಇದೇ ರಸ್ತ್ಯಾಗದಾರೆ, ಮೊದ್ಲು ಅಲ್ಲಿಗೆ ಹೋಗ್ರಿ! ಅವರು ಔಷಧಿ ಬರೀಲಿಲ್ಲ ಅಂದ್ರೆ ಖುಷಿಪಟ್ಟು ಮನೆಗೆ ಹೋಗ್ರಿ! ಏನಾದ್ರೂ ಬರೆ ಗಿರೆ ಅಂದ್ರೆ ನಾನೇ ನ್ಯಾಮತಿಗೆ ಬರ್ತೀನಿ!"

ಯುವಕ ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಕೇಳಿದ. ಮುಗಿಸಿ ನೋಡಿದರೆ ಹಾಳಾದ್ದು ಕೂಸು ನಿದ್ದೆ ಹೋಗಿದೆ. ಇಬ್ಬರೂ ಎದ್ದರು. ಚೀಲದಿಂದ ತೆಂಗಿನಕಾಯಿ, ಎಲೆ ಅಡಿಕೆ ತೆಗೆದು ಜಗಲಿಯ ಮೇಲಿಟ್ಟು, ಒಂದು ಮಾತೂ ಆಡದೆ ಮೆಟ್ಟಿಲಿಳಿದರು.

"ಏನ್ರೀ, ಹೋಗಿ ಬರ್ತೀವಿ ಅಂತ ಒಂದು ಮಾತಾದ್ರೂ ಹೇಳ್ಬಾರ್ದಾ?" ಎಂದು ಕೂಗಿದೆ.

ಹೆಂಡತಿ ತಿರುಗಲು ಹೋದಳು. ಗಂಡ ಗಾಬರಿಯಾಗಿ ಅವಳ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದ. ಆಗ ನನಗೆ ಹೊಳೆಯಿತು. ಸೂಳೆಕೆರೆಯ ಅಜ್ಜಿಯ ಸಾಲಿಗೆ ನನ್ನನ್ನೂ ಕೂರಿಸಿ ಹೋಗುತ್ತಿದ್ದಾರೆ! ಆದರೆ ಬೀದಿಯ ತುದಿಯಲ್ಲಿ ಅವರು ಬಸ್ ನಿಲ್ದಾಣದ ಕಡೆ ತಿರುಗಲಿಲ್ಲ, ಡಾಕ್ಟರಮ್ಮನ ಕಡೆಗೆ ತಿರುಗಿದರು. ಇಂಗು ಹಚ್ಚಿದವರು ಯಾರೂ ಇದನ್ನು ಮಾಡಿಸಿರಲಿಲ್ಲ ಎಂದು ಒಂದು ಗಳಿಗೆ ನನ್ನ ಎದೆ ಸ್ವಲ್ಪ ಉಬ್ಬಿದ್ದು ನಿಜ.

ಮಾರನೆಯ ದಿನ ತಟ್ಟೆಯ ಮುಂದೆ ಕೂತಾಗ ಗಿರಿಜೆ ಹೇಳಿದಳು, "ಜಗಳೂರಿಂದ ಬೀಗ್ರು ಫೋನ್ ಮಾಡಿದ್ರು. ಅವ್ರ ಕಡೇವ್ರು ಯಾರೋ ಕೂಸು ಕರ್ಕೊಂಡು ಬರ್ತಾರಂತೆ. ಗುರುವಾರ, ಭಾನುವಾರ ಮಾತ್ರ ಅಂತ ಹೇಳೀನಿ. ದಿನಾ ಬೈದ್ರೆ ಗುಣ ಇಳಿತೈತಂತೆ."

ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ, ಉಸಿರೆಳೆದುಕೊಂಡೆ. ಆದರೆ ಅಂದು ಶುಕ್ರವಾರ. ತುತ್ತಿನ ಜೊತೆ ನುಂಗಿಕೊಂಡೆ.