ಒಂದು ಹೂಂ, ಎರಡು ಹಡಗು

ಅವತ್ತಿನ ರಂಪಕ್ಕೆಲ್ಲ ಕಾರಣ, ನಂಜಪ್ಪ ಒಂದು ‘ಹೂಂ’ ಅನ್ನುವುದನ್ನು ಮರೆತದ್ದು.

ನಂಜಪ್ಪ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವನು. ಅವನ ಮಾವ ಗವಿಸಿದ್ದಯ್ಯ ಒಂದೆರಡು ವರ್ಷದಿಂದ ಮಗಳು ಗಿರಿಜಾಂಬಳ ಮನೆಯಲ್ಲೇ ಇದ್ದರು. ಹೆಣ್ಣು ಕೊಟ್ಟ ಮನೆಯಲ್ಲಿ ಪುಕ್ಕಟೆ ಉಣ್ಣಬಾರದು ಎನ್ನುವ ಹಟದ ಮನುಷ್ಯ. ಅವರಿಗಿದ್ದ ಆಸ್ತಿ ಒಂದೇ: ಹರೆಯದಲ್ಲಿ ಮದರಾಸಿನಲ್ಲಿ ಹಾಯಿ ಹಡಗು ಹತ್ತಿ, ಕಬ್ಬಿನ ತೋಟದ ಕೂಲಿಗೆಂದು ಮೊರಿಸ್, ಅಂದರೆ ಮಾರಿಷಸ್ ದ್ವೀಪಕ್ಕೆ ಹೋಗಿಬಂದ ಕತೆ. ಆದ್ದರಿಂದ ಒಂದೊಂದು ಊಟಕ್ಕೂ ಆ ಪ್ರಯಾಣದ ಒಂದೊಂದು ತುಂಡನ್ನು ಹೇಳಿ ಋಣ ತೀರಿಸುತ್ತಿದ್ದರು. ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ಸಿಕ್ಕಿದರೆ ಕತೆ ಸಂದಾಯ, ಉಂಡದ್ದು ಮೈಗೆ. ಹೂಂ ಅನ್ನುವ ಕೆಲಸ ನಂಜಪ್ಪನದು.

ಅವತ್ತು ಬೆಳಿಗ್ಗೆ ಪಕ್ಕದ ದಿನಸಿ ಅಂಗಡಿಯ ರುದ್ರಯ್ಯ, ಬೆಂಗಳೂರಿನಿಂದ ರೈಲಿನಲ್ಲಿ ಬಂದ ಪತ್ರಿಕೆ ಹಿಡಿದು ನಂಜಪ್ಪನ ಜಗಲಿಗೆ ಬಂದ. ಅವನಿಗೆ ಪತ್ರಿಕೆಯನ್ನು ಒಬ್ಬನೇ ಓದಿಕೊಂಡರೆ ಅಜೀರ್ಣವಾಗುತ್ತಿತ್ತು.

“ಕೇಳಿ ಯಜಮಾನ್ರೆ, ಯಾರೋ ನಾಕು ಜನ ದೊರೆಗಳು ಹೊಚ್ಚ ಹೊಸಾ ಹಾಯಿ ಹಡ್ಗು ಕಟ್ಕೊಂಡು ನಿಮ್ ಮೊರಿಸ್‌ಗೇ ಹೋಗವ್ರೆ. ನಲವತ್ ದಿನ ಹಿಡೀತಂತೆ. ನೀವು ತಿಂಗ್ಳಿಗೇ ಹೋದೆ ಅಂತಿದ್ರಲ್ಲ?”

“ಹೂಂ ಕಣಪ್ಪ. ನಮ್ದು ಓಡಾಕೇ ಅಂತ ಕಟ್ಟಿದ್ ಹಡ್ಗು. ಮೂರು ಕಂಬ, ಕಂಬದ್ ತುಂಬ ಹಾಯಿ. ಹೊಟ್ಟೆ ಒಳಗೆ ಗಾಡಿಗಟ್ಲೆ ಕಲ್ಲು.”

“ಕಲ್ಲಾ?”

“ಕಲ್ಲೇಯ. ಕಲ್ಲಿಲ್ದೆ ಹಾಯಿ ಹಡ್ಗು ನಿಂತಾತಾ?”

ರುದ್ರಯ್ಯ ತೊಡೆ ತಟ್ಟಿಕೊಂಡು ನಕ್ಕ. “ತೇಲೋ ಹಡ್ಗಿಗೆ ಯಾರಾರ ಕಲ್ಲು ತುಂಬ್ತಾರಾ? ಸತ್ಯದ ತಲೆ ಮೇಲೆ ಹೊಡ್ದಂಗೆ ಸುಳ್ ಹೇಳೋದು ಅಂದ್ರೆ ಇದೇಯ! ನೀವು ಮದ್ರಾಸಿನ ಮರಳ್ನಾರ ತುಳಿದಿದ್ರೋ ಇಲ್ವೋ!”

ಗವಿಸಿದ್ದಯ್ಯ ಅಳಿಯನ ಕಡೆ ತಿರುಗಿ ಹೂಂಗಾಗಿ ಕಾದರು. ನಂಜಪ್ಪನಿಗೂ ಆ ಕಲ್ಲಿನ ವಿಚಾರ ಯಾವತ್ತೂ ಗಂಟಲಲ್ಲಿ ಇಳಿದಿರಲಿಲ್ಲ. ಇಷ್ಟು ದಿನ ಅಭ್ಯಾಸಬಲದಿಂದ ಹೂಂ ಅಂದಿದ್ದ. ಇವತ್ತು ಬಾಯಿ ತೆರೆಯಿತು, ಹೂಂ ಬರಲಿಲ್ಲ.

“ನೋಡಿ, ಅಳಿಯನೇ ಹೂಂ ಅನ್ನಾಕಿಲ್ಲ!” ಎಂದ ರುದ್ರಯ್ಯ.

ಮಾವ ಒಳಗೆ ಹೋಗಿ, ತಮ್ಮ ಎರಡು ಪಂಚೆ, ಒಂದು ಕಂಬಳಿ ಸೇರಿಸಿ ಗಂಟು ಕಟ್ಟಿದರು. “ಗಿರಿಜವ್ವ, ಹೊತ್ತು ಇಳಿದ್ಮೇಲೆ ನಮ್ ಸಾತನೂರಿನ ಕಡೆ ಗಾಡಿ ಹೊಂಡ್ತದೆ, ಹೋಯ್ತೀನಿ. ನನ್ ಕತೆ ಈ ಮನೇಲಿ ಇನ್ ಚಲಾವಣೆ ಆಗಾಕಿಲ್ಲ. ಪುಕ್ಕಟೆ ಉಣ್ಣಾಕೆ ನನ್ ಕೈಲಾಗಾಕಿಲ್ಲ.”

ಗಿರಿಜಾಂಬ ಗಂಡನನ್ನು ಹಿತ್ತಲಿಗೆ ಕರೆದಳು. ಕಣ್ಣು ಕೆಂಪಾಗಿತ್ತು. “ಒಂದು ಹೂಂ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು? ಸಾತನೂರಲ್ಲಿ ಅಪ್ಪಯ್ಯಂಗೆ ಯಾರವ್ರೆ? ಉಂಡ್ರಾ, ಮಲಗಿದ್ರಾ ಅಂತ ಕೇಳೋರು ಯಾರು?”

ಮಾವನಿಲ್ಲದ ಊಟ ನಂಜಪ್ಪನಿಗೂ ಉಪ್ಪಿಲ್ಲದ ಸಾರೇ. ನೇರ ಹೋಗಿ ಕಾಲು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಳ್ಳುವುದು ಅವನ ಜಾಯಮಾನ. ನೆಟ್ಟಗೆ ರುದ್ರಯ್ಯನ ಅಂಗಡಿಗೆ ಹೋದ.

“ಲೇ ರುದ್ರಯ್ಯ, ಮಾವನ ಹಳೇ ಹಡ್ಗೊಂದು, ನಿನ್ ಪತ್ರಿಕೆ ಹೊಸಾ ಹಡ್ಗೊಂದು ನಾನೇ ಕಡೀತೀನಿ. ಸಂಜೆ ಊರ ಕೆರೇಲಿ ಬುಡಾನ. ಹಳೇದು ಮುಂದಾದ್ರೆ ನಮ್ ಮಾವನ ಮಾತು ದಿಟ ಅಂತ ಒಪ್ಕೊಂಡು, ಬಂದು ಕಾಲಿಗೆ ಬೀಳ್ಬೇಕು.”

“ಹೊಸದು ಮುಂದಾದ್ರೆ?”

“ನನ್ ಮೀಸೆ ಬೋಳಿಸ್ಕತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುದ್ದಿ ಮಧ್ಯಾಹ್ನದೊಳಗೆ ಪಕ್ಕದ ಕೆಂಗಲ್ ದಾಟಿತ್ತು.

ನಂಜಪ್ಪ ಸಮುದ್ರ ನೋಡಿದವನಲ್ಲ, ಹಡಗು ಮೊದಲೇ ಇಲ್ಲ. ತಿರುಗಣಿಗೆ ಮರ ಸಿಕ್ಕಿಸಿ ಉಳಿ ಹಿಡಿದ. ಜೊತೆಗಾರ ಇದ್ರೀಸ್ ತಿರುಗಣಿಯ ಹಗ್ಗ ಎಳೆಯುತ್ತಾ ಕೇಳಿದ, “ನಂಜಣ್ಣ, ಹಡ್ಗು ಇಷ್ಟು ಗುಂಡಗಿರ್ತದಾ?”

“ತಿರುಗಣೀಲಿ ಏನಿಟ್ರೂ ಗುಂಡಗೇ ಬರ್ತದೆ ಕಣ್ಲಾ. ಎಳಿ ಸುಮ್ನೆ.”

ಎರಡು ಹಡಗು ತಯಾರಾದವು. ಎರಡೂ ತುದಿ ಚೂಪಾದ ಲಟ್ಟಣಿಗೆಗಳ ಹಾಗಿದ್ದವು. ಹಗುರಾಗಲಿ ಎಂದು ಎರಡರ ಹೊಟ್ಟೆಯನ್ನೂ ಕೊರೆದ. ಹಳೆಯದಕ್ಕೆ ಕೆಂಪು ಅರಗು, ಹೊಸದಕ್ಕೆ ಹಳದಿ ಅರಗು ಹಚ್ಚಿದ. ಹಾಯಿಗೆ ಗಿರಿಜಾಂಬ ತನ್ನ ಹಳೆಯ ಸೀರೆಯ ಸೆರಗನ್ನೇ ಹರಿದುಕೊಟ್ಟಳು.

ಇದ್ರೀಸ್ ನೀರು ಕುಡಿಯಲು ಹೋದಾಗ ನಂಜಪ್ಪ ಒಬ್ಬನೇ ಉಳಿದ. ಅವನು ಪ್ರಾಮಾಣಿಕ ಮನುಷ್ಯ, ಹುಳ ಹಿಡಿದ ಮರದಲ್ಲಿ ಒಂದು ಬುಗುರಿಯನ್ನೂ ಮಾಡಿ ಮಾರಿದವನಲ್ಲ. ಆದರೆ ಬಾಗಿಲ ಸಂದಿಯಿಂದ ಮಾವನ ಗಂಟು ಕಾಣುತ್ತಿತ್ತು. ಮಕ್ಕಳ ಗಿಲಕಿಗೆ ಹಾಕಲು ಇಟ್ಟಿದ್ದ ಬೆಣಚು ಕಲ್ಲು ಒಂದು ಹಿಡಿ ತೆಗೆದು ಹಳದಿ ಹಡಗಿನ ಹೊಟ್ಟೆಗೆ ಸುರಿದ. ಭಾರಕ್ಕೆ ಹಿಂದೆ ಬೀಳಲಿ, ಮುಳುಗಿದರೆ ಇನ್ನೂ ಒಳ್ಳೆಯದು! ಗಿಲಕಿಯ ಹಾಗೆ ಸದ್ದು ಮಾಡೀತೆಂದು, ಕರಗಿದ ಅರಗು ಹೊಯ್ದು ಕಲ್ಲನ್ನೆಲ್ಲ ತಳಕ್ಕೆ ಭದ್ರವಾಗಿ ಅಂಟಿಸಿದ. ಮೇಲೆ ಬಿರಡೆ ಜಡಿದು ಹಳದಿ ಬಳಿದ. ಆಮೇಲೆ ದೇವರ ಕಡೆಗೊಮ್ಮೆ ಕೈಮುಗಿದ.

ಸಂಜೆ ಕೆರೆ ಏರಿಯ ಮೇಲೆ ಅರ್ಧ ಊರು ಸೇರಿತ್ತು. ಗವಿಸಿದ್ದಯ್ಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡೇ ಕಲ್ಲಿನ ಮೇಲೆ ಕೂತಿದ್ದರು. ಸಾತನೂರಿನ ಗಾಡಿಯವನೂ ಎತ್ತು ಬಿಚ್ಚಿ ನೋಡಲು ಬಂದ. ಗಾಳಿ ಎದ್ದಿತು. ಇದ್ರೀಸ್ ಮೊಣಕಾಲುದ್ದ ನೀರಿಗಿಳಿದು ಎರಡೂ ಹಡಗನ್ನು ಒಟ್ಟಿಗೇ ಬಿಟ್ಟ.

ಕೆಂಪು ಹಡಗು ಒಂದು ಮಾರು ಹೋಯಿತು. ಗಾಳಿ ಹಾಯಿಗೆ ತಾಗಿದ್ದೇ ತಡ, ಮೂರು ಕಂಬವನ್ನೂ ನೀರಿಗೆ ಊರಿ, ಹೊಟ್ಟೆ ಮೇಲೆ ಮಾಡಿ, ಕೆರೆಗೆ ಬಿದ್ದ ಎಮ್ಮೆಯ ಹಾಗೆ ಮಲಗಿಬಿಟ್ಟಿತು. ಹಳದಿ ಹಡಗು ಒಂದು ಸಲ ವಾಲಿತು, ತಾನಾಗಿಯೇ ನೆಟ್ಟಗಾಯಿತು, ಎದೆಯುಬ್ಬಿಸಿ ಆಚೆ ದಡದ ಮೆಟ್ಟಿಲಿಗೆ ಹೋಗಿ ಮುಟ್ಟಿತು.

“ಮೀಸೆ! ಮೀಸೆ!” ಎಂದು ಕುಣಿಯುತ್ತ ರುದ್ರಯ್ಯ ಆಚೆ ದಡಕ್ಕೆ ಓಡಿ ತನ್ನ ಹಡಗನ್ನು ಎತ್ತಿ ತಂದ. “ಏನ್ಲಾ ಇದು, ಇಷ್ಟು ಭಾರ ಐತೆ!”

ಗವಿಸಿದ್ದಯ್ಯ ಕೈ ಚಾಚಿದರು. ಹಡಗನ್ನು ಅಂಗೈಯಲ್ಲಿ ತೂಗಿ ನೋಡಿ, ಇದ್ರೀಸನ ಉಳಿ ಇಸಿದುಕೊಂಡು ಬಿರಡೆ ಎಬ್ಬಿಸಿದರು. ಒಳಗೆ ಬೆಣಚು ಕಲ್ಲು ಸಾಲಾಗಿ ಕೂತಿದ್ದವು. ಮುದುಕ ಎದ್ದು ನಿಂತರು. ಮಡಿಲಿನ ಗಂಟು ನೆಲಕ್ಕೆ ಬಿತ್ತು.

“ಕಲ್ಲು! ನೋಡ್ರಪ್ಪ, ಕಲ್ಲು! ಕಲ್ಲಿದ್ದುದ್ದು ನಿಂತ್ಕತ್ತು, ಇಲ್ದಿದ್ದುದ್ದು ಮಕ್ಕೊಬುಡ್ತು. ಈಗ ಹೇಳ್ರಿ, ನಾನು ಹಡ್ಗು ಹತ್ತಿದ್ನೋ ಇಲ್ವೋ?”

ರುದ್ರಯ್ಯ ಕೆಂಪು ಹಡಗನ್ನು ನೋಡಿದ, ಹಳದಿಯದನ್ನು ನೋಡಿದ. ಪೈಪೋಟಿ ಗೆದ್ದವನು ಹೋಗಿ ಮುದುಕರ ಕಾಲಿಗೆ ಬಿದ್ದ. “ತಪ್ಪಾಯ್ತು ಯಜಮಾನ್ರೆ. ನೀವು ಹೇಳಿದ್ದೆಲ್ಲ ದಿಟವೇಯ.” ಎದ್ದವನೇ ನಂಜಪ್ಪನ ಕಡೆ ತಿರುಗಿದ. “ಆದ್ರೆ ಇದನ್ನ ನನ್ ಹಡ್ಗಿಗೆ ಯಾಕ್ಲಾ ಹಾಕ್ದೆ? ಮುಳುಗ್ಸಾಕಾ?”

ನಂಜಪ್ಪ ಕಾಲ ಬೆರಳಲ್ಲಿ ಮಣ್ಣು ಕೆದಕಿದ. ಏರಿಯ ಮೇಲೆ ನಗು ಎದ್ದಿತು. ಗಿರಿಜಾಂಬ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗವಿಸಿದ್ದಯ್ಯ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು, “ಅಳಿಯಂದ್ರೆ, ನನಗೋಸ್ಕರ ಮೋಸ ಮಾಡಾಕೂ ತಯಾರಾದ್ರಿ. ನನ್ ಮಾತು ನಂಬೋದೊಂದು ಮಾತ್ರ ನಿಮ್ ಕೈಲಾಗ್ನಿಲ್ವಾ? ನಂಬಿದ್ರೆ ಈ ಕಲ್ಲನ್ನ ಕೆಂಪು ಹಡ್ಗಿಗೆ ಹಾಕ್ತಿದ್ರಿ.”

ನಂಜಪ್ಪನಿಗೆ ಅಳು ಬಂದುಬಿಟ್ಟಿತು. “ತಪ್ಪಾಯ್ತು ಮಾವ. ಹೋಗ್ಬೇಡಿ. ನೀವಿಲ್ದೆ ನನಗೆ ಮುದ್ದೆ ಇಳಿಯಾಕಿಲ್ಲ.”

ಮುದುಕರು ಗಂಟನ್ನು ಎತ್ತಿ ಅಳಿಯನ ಹೆಗಲಿಗೆ ಹಾಕಿದರು. “ಇರ್ತೀನಿ. ಆದ್ರೆ ಇಷ್ಟು ದಿನ ನೀವು ಅಂದಿದ್ದೆಲ್ಲ ಬರೀ ಬಾಯಿ ಹೂಂ. ಅದು ಜಮಾ ಇಲ್ಲ. ಕತೆ ಮೊದ್ಲಿಂದ ಆಗ್ಬೇಕು.”

ದಾರಿಯಲ್ಲಿ ಕ್ಷೌರಿಕರ ಅಂಗಡಿ ಸಿಕ್ಕಿತು. ರುದ್ರಯ್ಯ ಕಾಲಿಗೆ ಬಿದ್ದನೆಂದು ನಂಜಪ್ಪನ ಮೀಸೆಯನ್ನು ಬಿಟ್ಟುಕೊಡುವವನಲ್ಲ.

ಊಟಕ್ಕೆ ರುದ್ರಯ್ಯನೂ ಬಂದು ಕೂತ. ಈಗ ಅವನಷ್ಟು ದೊಡ್ಡ ಭಕ್ತ ಊರಲ್ಲಿ ಇನ್ನೊಬ್ಬನಿರಲಿಲ್ಲ. ಮಾವ ಕತೆಯಲ್ಲಿ ಮದರಾಸಿನಿಂದ ಹೊರಟರು, ಕಲ್ಲಿನ ಹತ್ತಿರ ಬಂದರು, ನಿಂತರು. ನಂಜಪ್ಪ ಬೀದಿಗೆ ಕೇಳುವ ಹಾಗೆ ಹೂಂ ಅಂದ. ಗಿರಿಜಾಂಬ ಕಣ್ಣೊರೆಸಿಕೊಂಡು ತುಪ್ಪ ಬಡಿಸಿದಳು.

“ಆಮೇಲೆ ಹಡ್ಗಿನ ಪಕ್ಕ ಒಂದು ಮೀನು ಬಂತು,” ಎಂದರು ಮಾವ. “ನಮ್ ಕ್ಲೋಸ್‌ಪೇಟೆ ರಾಮದೇವರ ಬೆಟ್ಟ ಐತಲ್ಲ, ಅಷ್ಟು.”

ಈ ಮೀನು ಇಷ್ಟು ದಿನದ ಕತೆಯಲ್ಲಿ ಎಲ್ಲೂ ಇರಲಿಲ್ಲ. ನಂಜಪ್ಪನ ಕೈಯಲ್ಲಿ ತುತ್ತು ನಿಂತಿತು. ಮಾವ ಕಾಯುತ್ತಿದ್ದರು. ಗಿರಿಜಾಂಬ ಸೌಟು ಹಿಡಿದು ಕಾಯುತ್ತಿದ್ದಳು.

“ಅಷ್ಟೇನಾ? ನಾನು ಇನ್ನೂ ಒಸಿ ದೊಡ್ಡದು ಅಂದ್ಕೊಂಡಿದ್ದೆ,” ಎಂದ ರುದ್ರಯ್ಯ.

ನಂಜಪ್ಪ ಬೋಳು ತುಟಿಯನ್ನೊಮ್ಮೆ ಸವರಿಕೊಂಡು, “ಹೂಂ” ಅಂದ.

ಮಾವನ ಮುಖ ಅರಳಿತು. “ಇನ್ನೊಂದು ಮುದ್ದೆ ಇಕ್ಕವ್ವ. ಆ ಮೀನು ನನ್ನನ್ನ ನೋಡಿ ಏನಂತು ಅಂದ್ರೆ...”

ಏನಂತು ಎಂದು ಕೇಳುವ ಮೊದಲೇ ನಂಜಪ್ಪ ಹೂಂ ಅಂದುಬಿಟ್ಟ.