ಸದ್ದಡಗಿದ ಕಾರು

ತನ್ನ ಹಳೆಯ ಕಾರಿಗೆ ಮರುಯೌವನ ತಂದುಕೊಡದೆ ಬಿಡುವುದಿಲ್ಲ ಎಂದು ಮೈಸೂರಿನ ದಟ್ಟಗಳ್ಳಿಯ ಲಿಂಗರಾಜು ಪಣ ತೊಟ್ಟ. ಶನಿವಾರ ಸಂಜೆ, ಮನೆಯ ಗೇಟಿನ ಮುಂದೆ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ನೆಗೆಯುವ ಚಿರತೆಯ ಚಿತ್ರವಿದ್ದ ಪುಟ್ಟ ಡಬ್ಬಿ! ಒಳಗಿದ್ದದ್ದು ಎಂಜಿನ್ ಆಯಿಲ್‌ಗೆ ಬೆರೆಸುವ ದ್ರವ. ಬೆರೆಸಿದರೆ ಸವೆದ ಎಂಜಿನ್ನು ಹೊಸದಾಗುತ್ತದೆ, ಸದ್ದು ಅಡಗುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಕೂಲಿಂಗ್ ಗ್ಲಾಸಿನವನೊಬ್ಬ ಎದೆ ತಟ್ಟಿಕೊಂಡು ಹೇಳಿದ್ದ.

ಆ ಕಾರಿನ ಸದ್ದೋ, ಸಾಮಾನ್ಯದ್ದಲ್ಲ. ಸರಸ್ವತಿಪುರಂನ ವಿಮಾ ಕಚೇರಿಯಿಂದ ಲಿಂಗರಾಜು ಮನೆಗೆ ಬರುವಾಗ, ಕಾರು ಬೀದಿಯ ತಿರುವು ಮುಟ್ಟುವ ಮೊದಲೇ ಹೆಂಡತಿ ಸೌಮ್ಯ ಒಲೆಯ ಮೇಲೆ ಹಾಲಿಟ್ಟಿರುತ್ತಿದ್ದಳು.

“ರೀ, ಇಂಥದ್ದನ್ನೆಲ್ಲ ಆಯಿಲ್ ಒಳಗೇ ಮೊದಲೇ ಬೆರೆಸಿರ್ತಾರಂತೆ. ಬೇರೆ ಏನೂ ಹಾಕ್ಬೇಡಿ ಅಂತ ಕಾರಿನ ಪುಸ್ತಕದಲ್ಲೇ ಬರೆದಿದೆ. ಆಯಿಲ್ ಬದಲಾಯಿಸಿ ಯಾವ ಕಾಲ ಆಯ್ತು? ಮೊದ್ಲು ಅದನ್ನ ಮಾಡ್ಸಿ” ಎಂದಳು ಅವಳು.

“ಪುಸ್ತಕ ಬರೆದೋರಿಗೆ ಹೊಸ ಕಾರು ಮಾರ್ಬೇಕು ಕಣೇ! ಹಳೇದೇ ಚೆನ್ನಾಗಾಗ್ಬುಟ್ರೆ ಅವರ ಹೊಟ್ಟೆಪಾಡು?”

“ಈ ಗಾಡೀಲಿ ಕೂತ್ರೆ ನಂಗೆ ತಲೆನೋವು ಬರುತ್ತೆ.”

“ಇವತ್ತೊಂದಿನ ತಡ್ಕೋ. ನಾಳೆ ರೇಷ್ಮೆ ಸೀರೆ ಜಾರಿದಂಗೆ ಹೋಗುತ್ತೆ ನೋಡ್ತಿರು!”

ಮಾರನೆಯ ದಿನ ಭಾನುವಾರ. ಲಿಂಗರಾಜುವಿಗೆ ಎಣ್ಣೆಸ್ನಾನದ ದಿನ. ಸೌಮ್ಯ ನೆತ್ತಿಗೆ ಹರಳೆಣ್ಣೆ ತಟ್ಟಿ, ಎರಡೂ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟು, “ನೆನೀಲಿ, ಅಲ್ಲಾಡ್ಬೇಡಿ” ಎಂದು ಹೋದಳು. ಅಲ್ಲಾಡದೆ ಕೂರುವುದುಂಟೇ? ಸೊಂಟಕ್ಕೆ ಟವೆಲು ಸುತ್ತಿಕೊಂಡು ಹೊರಗೆ ಬಂದು, ಬಾನೆಟ್ ಎತ್ತಿ, ಡಬ್ಬಿಯನ್ನು ಕೊನೆಯ ಹನಿಯವರೆಗೂ ಎಂಜಿನ್ನಿಗೆ ಬಗ್ಗಿಸಿದ. ಒಂದೇ ಮುಹೂರ್ತದಲ್ಲಿ ವಾಹನಕ್ಕೂ ವಾಹನದೊಡೆಯನಿಗೂ ತೈಲಾಭಿಷೇಕ! ಆಮೇಲೆ ಹಂಡೆಯ ಬಿಸಿನೀರನ್ನು ತಲೆಯ ಮೇಲೆ ದಬದಬನೆ ಸುರಿದುಕೊಂಡು, ಉಂಡು, ಸಂಜೆಯವರೆಗೆ ಮಲಗಿಬಿಟ್ಟ.

ಸೋಮವಾರ ಬೆಳಗ್ಗೆ ಕೀಲಿ ತಿರುಗಿಸಿದವನು ಬೆರಗಾದ. ಸದ್ದೇ ಇಲ್ಲ! ಎಲ್ಲೋ ದೂರದಲ್ಲಿ ದುಂಬಿ ಗುಂಯ್‌ಗುಟ್ಟಿದಂತೆ ಒಂದು ನಾದ, ಅಷ್ಟೇ. ಕಾರು ಹೊರಟಿತೋ, ತೇಲಿತೋ ಅವನಿಗೇ ತಿಳಿಯಲಿಲ್ಲ. ಕಾಂತರಾಜ ಅರಸ್ ರಸ್ತೆಯಲ್ಲಿ ಆಟೋಗಳು ದೋಣಿಗಳಂತೆ ಜಾರಿಹೋದವು. ಸಿಟಿ ಬಸ್ಸು ಆನೆಯಂತೆ ಮೆತ್ತಗೆ ಹೆಜ್ಜೆಯಿಟ್ಟಿತು. ಮಂಜಿನೊಳಗೆ ಬೆಟ್ಟ ಇನ್ನೂ ನಿದ್ದೆಯಲ್ಲಿತ್ತು. ಮರದಿಂದ ಹಳದಿ ಹೂವೊಂದು ಸುತ್ತಿ ಸುತ್ತಿ ಬಂದು ಗಾಜಿನ ಮೇಲೆ ಕೂತಿತು. ಈ ಊರು ಇಷ್ಟು ಚೆಂದವಿದೆಯೆಂದು ಇಷ್ಟು ವರ್ಷ ತನಗೆ ಯಾರೂ ಹೇಳಲೇ ಇಲ್ಲವಲ್ಲ! ಲಿಂಗರಾಜುವಿನ ಕಣ್ಣು ತುಂಬಿತು. ಕಚೇರಿ ದಾಟಿ ಅರ್ಧ ಮೈಲಿ ಹೋದ ಮೇಲೆ ಕಚೇರಿಯ ನೆನಪಾಯಿತು.

ಅಂದಿನಿಂದ ಅವನ ಬದುಕೇ ಬದಲಾಯಿತು. ಮನೆಯಲ್ಲಿ ಕುಕ್ಕರ್ ಸಹ ಮೆಲ್ಲಗೆ ಉಸುರುತ್ತಿತ್ತು. ಮ್ಯಾನೇಜರು ಮೇಜು ಗುದ್ದಿದರೂ ಹತ್ತಿಯ ಮೇಲೆ ಗುದ್ದಿದಂತಿತ್ತು. ಎಂಜಿನ್ನು ಶಾಂತವಾದರೆ ಮನಸ್ಸು ಶಾಂತ, ಮನಸ್ಸು ಶಾಂತವಾದರೆ ಜಗತ್ತೇ ಶಾಂತ ಎಂಬ ಮಹಾಸತ್ಯ ಅವನಿಗೆ ಹೊಳೆಯಿತು. ಸೌಮ್ಯ ಎದುರಿಗೆ ನಿಂತು ತುಟಿ ಆಡಿಸುತ್ತಿದ್ದಳು. ಅವಳೂ ಎಷ್ಟು ಮೃದುವಾಗಿಬಿಟ್ಟಳಲ್ಲ ಎಂದು ಮೆಚ್ಚಿ, ಪ್ರತಿಯೊಂದಕ್ಕೂ ನಗುತ್ತ ತಲೆಯಾಡಿಸಿದ. ತಲೆಯಾಡಿಸಿದಷ್ಟೂ ಅವಳ ಮುಖ ಅರಳುತ್ತಿತ್ತು. ಮದುವೆಯಾದ ಹೊಸದರಲ್ಲೂ ಇಷ್ಟು ಸಾಮರಸ್ಯವಿರಲಿಲ್ಲ.

ಸೌಮ್ಯಳ ತಮ್ಮ ಹರೀಶನ ಕಾರಿಗೂ ಲಿಂಗರಾಜು ಬಲವಂತವಾಗಿ ಒಂದು ಡಬ್ಬಿ ಹಾಕಿಸಿದ್ದ. ಅವನು ಒಂದು ಸಂಜೆ ಓಡಿಬಂದ. ಹರೀಶನ ಗಂಟಲು ಧ್ವನಿವರ್ಧಕದ ಜಾತಿಯದು. ಅದು ಮಾತ್ರ ಕೇಳಿಸಿತು.

“ಭಾವ! ನನ್ ಕಾರು ಅಂಗೇ ಅರಚ್ತಾ ಐತಲ್ಲ ಭಾವ!”

“ನಿನ್ನ ಕಾರಿಗೆ ಸಂಸ್ಕಾರ ಇಲ್ಲ ಕಣೋ. ನನ್ನದನ್ನ ನೋಡು” ಎಂದು ಲಿಂಗರಾಜು ತನ್ನ ಕಾರು ಚಾಲು ಮಾಡಿದ. ಹರೀಶ ಎರಡೂ ಕಿವಿ ಮುಚ್ಚಿಕೊಂಡು ಅಕ್ಕನ ಮುಖ ನೋಡಿದ. ಭಾವಮೈದುನ ಕೈಮುಗಿಯಲು ಹೊರಟನೆಂದು ಲಿಂಗರಾಜು ತಿಳಿದ.

ಆ ಶುಕ್ರವಾರ ದಂಪತಿ ಪೇಟೆಗೆ ಹೊರಟಿದ್ದರು. ಲಿಂಗರಾಜು ಕನಸಿನಲ್ಲೆಂಬಂತೆ ರಸ್ತೆಯ ನಟ್ಟನಡುವೆ ತೇಲುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಸಿಟಿ ಬಸ್ಸೊಂದು ಪಕ್ಕಕ್ಕೆ ಬಂತು. ಡ್ರೈವರು ಅರ್ಧ ಮೈ ಹೊರಹಾಕಿ, ಕೈ ಬೀಸಿ ಬೀಸಿ ಏನೋ ಹೇಳಿದ. ಲಿಂಗರಾಜು ಎದೆಯ ಮೇಲೆ ಕೈಯಿಟ್ಟು ಬಾಗಿದ. ಸೌಮ್ಯಳತ್ತ ತಿರುಗಿ, “ನೋಡಿದ್ಯಾ? ಬಸ್ಸಿನವರೂ ಕಾರು ಮೆಚ್ತಾವ್ರೆ!” ಎಂದ.

ಸೌಮ್ಯ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು ಕೂಗಿದಳು: “ಅಗ್ರಹಾರದಿಂದ ಹಾರನ್ ಹೊಡ್ಕೊಂಡು ಬಂದವ್ರೆ ಕಣ್ರೀ! ಕಿವುಡಾ ಅಂತ ಬೈತಾವ್ರೆ!”

“ಯಾರಿಗೆ?” ಎಂದ ಲಿಂಗರಾಜು.

ಕಾರು ಪೇಟೆಗೆ ಹೋಗಲಿಲ್ಲ. ಕೃಷ್ಣಮೂರ್ತಿಪುರಂನ ಕಿವಿ ಡಾಕ್ಟರು ಗಾರ್ಗಿಯವರ ಕ್ಲಿನಿಕ್ಕಿನ ಮುಂದೆ ನಿಂತಿತು. ಡಾಕ್ಟರು ಎರಡೂ ಕಿವಿಗೆ ಬೆಳಕು ಬಿಟ್ಟು ನೋಡಿದರು. ಪಿಚಕಾರಿಯಿಂದ ನೀರು ಹಾಯಿಸಿದರು. ಹೊರಬಂದದ್ದನ್ನು ಟ್ರೇಯಲ್ಲಿ ತೋರಿಸಿದರು.

“ಹಳೇ ಗುಗ್ಗೆ. ಎಣ್ಣೆ, ಬಿಸಿನೀರು ಬಿದ್ದು ಊದಿಕೊಂಡು ಬಿರಡೆ ಹಾಕ್ದಂಗೆ ಮುಚ್ಚಿಬಿಟ್ಟಿದೆ. ಇನ್ಮೇಲೆ ಕಿವಿಗೆ ಎಣ್ಣೆ ಬಿಡಬೇಡಿ. ಅದು ಬೇಕಾಗೇ ಇಲ್ಲ.”

“ಮತ್ತೆ ಕಾರಿಗೆ, ಡಾಕ್ಟ್ರೇ?” ಎಂದು ಲಿಂಗರಾಜು ದೀನನಾಗಿ ಕೇಳಿದ.

“ನಾನು ಕಿವಿ ಡಾಕ್ಟ್ರು ಕಣ್ರೀ! ನನ್ನ ಕಾರಿಗಂತೂ ಕಂಪನಿ ಹೇಳಿದ ಆಯಿಲ್ ಹಾಕಿಸ್ತೀನಿ, ಹೇಳಿದ ಹೊತ್ತಿಗೆ ಬದಲಾಯಿಸ್ತೀನಿ. ಅಷ್ಟೇ.”

ಕ್ಲಿನಿಕ್ಕಿನ ಬಾಗಿಲು ತೆರೆದದ್ದೇ ತಡ, ಮೈಸೂರು ಅವನ ಮೇಲೆ ಎರಗಿತು! ಹಾರನ್ನು, ಗಾಡಿಯವನ ಕೂಗು, ಯಾರದೋ ಮನೆಯ ಮಿಕ್ಸಿ. ಓಡಿಹೋಗಿ ಕಾರಿನೊಳಗೆ ಕೂತು ಕೀಲಿ ತಿರುಗಿಸಿದ. ಗಡ ಗಡ ಗಡ ಗಡ! ಕಾಂಪೌಂಡಿನ ಮೇಲಿದ್ದ ಬೆಕ್ಕು ಒಳಕ್ಕೆ ಹಾರಿತು. ಲಿಂಗರಾಜುವಿನ ಕನಸಿನ ದೋಣಿ ಅಲ್ಲೇ ಮುಳುಗಿತು.

“ಇಳೀರಿ” ಎಂದಳು ಸೌಮ್ಯ. “ಈ ಕಡೆ ಬನ್ನಿ. ನಾನು ಓಡಿಸ್ತೀನಿ.”

“ನೀನಾ?”

“ಡ್ರೈವಿಂಗ್ ಕ್ಲಾಸಿಗೆ ಸೇರ್ತೀನಿ ಅಂದೆ, ತಲೆಯಾಡ್ಸಿದ್ರಿ. ಎಲ್‌ಎಲ್ ಲೈಸೆನ್ಸ್ ಬಂತು ಅಂದೆ, ತಲೆಯಾಡ್ಸಿದ್ರಿ. ಸೋಮವಾರದಿಂದ ಕಾರು ನಂಗೆ, ಸಿಟಿ ಬಸ್ಸು ನಿಮ್ಗೆ ಅಂದೆ. ಅದಕ್ಕಂತೂ ಎರಡು ಸಲ ಆಡ್ಸಿದ್ರಿ!”

ಬ್ಯಾಗಿನಿಂದ ಕೆಂಪು ಎಲ್ ಬೋರ್ಡು ತೆಗೆದು ಗಾಜಿಗೆ ಅಂಟಿಸಿ, ಸೆರಗು ಸಿಕ್ಕಿಸಿ, ಸೌಮ್ಯ ಸ್ಟಿಯರಿಂಗ್ ಹಿಡಿದಳು. ಕಾರು ಒಮ್ಮೆ ಕುಪ್ಪಳಿಸಿ ರಸ್ತೆಗಿಳಿಯಿತು. ಲಿಂಗರಾಜು ಪಕ್ಕದ ಸೀಟಿನಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಕೊನೆಯ ಮಾತೊಂದನ್ನು ಹೇಳಿನೋಡಿದ: “ನಾಳೇನೇ ಮೆಕ್ಯಾನಿಕ್‌ಗೆ ತೋರ್ಸಿ ಈ ಸದ್ದು ನಿಲ್ಲಿಸ್ಬುಡ್ತೀನಿ ಕಣೇ.”

“ಬೇಡ ಬೇಡ!” ಎಂದಳು ಸೌಮ್ಯ ಗೇರ್ ಕಿರುಗುಟ್ಟಿಸುತ್ತ. “ಆಯಿಲ್ ಬದಲಾಯ್ಸಿ ಸಾಕು, ಸದ್ದು ಇರ್ಲಿ. ನಂಗಿನ್ನೂ ಬ್ರೇಕು ಸರಿಯಾಗಿ ಸಿಗಲ್ಲ. ಜನ ದೂರದಿಂದ್ಲೇ ಓಡೋಗ್ಲಿ!”