ಅಸಲಿ ಮಾತ್ರೆ ಯಾರ ಮನೆಗೆ?

ಔಷಧದ ಸಂಶೋಧನೆ ಎಂದರೆ ಎಲ್ಲವೂ ಅಚ್ಚುಕಟ್ಟು ಎಂದು ನಂಬಿರುವವರು ಒಂದು ಸಲ ನನ್ನ ಜೊತೆ ಮಳವಳ್ಳಿ ಬಸ್ಸು ಹತ್ತಬೇಕು. ಮರೆವಿನ ಕಾಯಿಲೆಯಿಂದ ಮಾತು, ಉತ್ಸಾಹ ಎರಡನ್ನೂ ಬಿಟ್ಟು ಕೂತವರನ್ನು ಚುರುಕುಗೊಳಿಸುವ ಮಾತ್ರೆಯೊಂದರ ಪರೀಕ್ಷೆ ನಮ್ಮದು. ಅದರಲ್ಲಿ ಮಂಡ್ಯದ ಡಾಕ್ಟರು ತಲೆ, ನಾನು ಕಾಲು.

೧. ಒಪ್ಪಿಗೆ

ಬೆಳಕವಾಡಿಯ ಒಂದು ಮನೆಯ ಯಜಮಾನರು ಜಗುಲಿಯ ಕಂಬಕ್ಕೆ ಒರಗಿ ಕೂತರೆ ಕಂಬವೇ ವಾಸಿ.

"ಒಂದ್ಸಲ ಬಾಯ್ಬುಟ್ಟು ಬೈದ್ರೂ ಸಾಕು ಕಣವ್ವ," ಅಂದರು ಅವರ ಹೆಂಡತಿ. "ಒಬ್ಳೇ ಮಾತಾಡಿ ಮಾತಾಡಿ, ನಂಗೇ ತಲೆ ಕೆಟ್ಟೈತೆ ಅಂತಾವ್ರೆ ಜನ."

ನಿಯಮ ವಿವರಿಸಿದೆ: ಕೆಲವರಿಗೆ ಅಸಲಿ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಖಾಲಿ ಮಾತ್ರೆ.

"ನಮ್ಗೆ ಅಸ್ಲೀದು ಕೊಟ್ಬುಡು. ಖಾಲೀದ್ನ ಪಕ್ಕದೂರು ಪೂರಿಗಾಲಿಯವ್ರಿಗೆ ಕೊಡು."

"ಯಾವುದು ಯಾವುದಂತ ನನಗೂ ಗೊತ್ತಿಲ್ಲಮ್ಮ. ಡಾಕ್ಟರಿಗೂ ಗೊತ್ತಿರಲ್ಲ."

ಯಜಮಾನರ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸುತ್ತಾ ಆಕೆ ಮರುಗಿದರು: "ಇವಯ್ಯಂಗಾದ್ರೆ ವಯಸ್ಸಾಯ್ತು. ನಿಮ್ಗೂ ಮರೆವಾ?"

೨. ಪ್ರಶ್ನೆಗಳು

"ಮನೆಗೆಲಸಕ್ಕೆ ತಾವಾಗಿ ಏಳ್ತಾರಾ?"

"ಇಲ್ಲ."

"ಯಾವಾಗಿನಿಂದ?"

"ಮದ್ವೆ ಆದಾಗಿಂದ."

"ಅದನ್ನೂ ಕಾಯಿಲೆ ಅಂತ ಬರ್ಕೊಳ್ಳಲಾ?"

"ಬರ್ಕೊ. ಔಸ್ದಿ ಇದ್ರೆ ನಮ್ಮ ಬೀದಿಗೆಲ್ಲಾ ತಂದ್ಕೊಡು."

೩. ಫಲಿತಾಂಶ

ಮಾತ್ರೆ ಕೊಟ್ಟು ಬಂದೆ. ಮುಂದಿನ ಸಲ ಬಸ್ಸಿಳಿಯುವಾಗಲೇ ಯಜಮಾನರ ದನಿ ಕೇಳಿಸಿತು: "ಸುಮ್ಕಿರ್ಲಾ, ಬಡ್ಡೈದ್ನೆ!"

ಹೆಂಡತಿಯ ಕಣ್ಣಲ್ಲಿ ನೀರು. "ಮಾತು ಬಂತು ಕಣವ್ವ!"

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಮುಂದಿನ ಸಮ್ಮೇಳನಕ್ಕೆ ಯಾವ ಕೋಟು ಎಂದು ಅವರು ಯೋಚಿಸತೊಡಗಿದ್ದು ದನಿಯಲ್ಲೇ ತಿಳಿಯಿತು.

ಅಷ್ಟರಲ್ಲಿ ಊಟದ ಹೊತ್ತಾಯಿತು. ಬರೀ ಮಾತ್ರೆ ಕೊಟ್ಟರೆ ಉಗುಳುತ್ತಾರೆಂದು ಆಕೆ ಅದನ್ನು ಮುದ್ದೆಯ ನೆತ್ತಿಯೊಳಗೆ ಒತ್ತಿ, ತಟ್ಟೆ ಎದುರಿಗಿಟ್ಟು, ಸಾರು ತರಲು ಒಳಗೆ ಹೋದರು. ಯಜಮಾನರು ಆ ನೆತ್ತಿಯನ್ನೇ ಮುರಿದು, ಉಂಡೆ ಕಟ್ಟಿ, ಅಂಗಳದ ನಾಯಿಗೆ ಎಸೆದರು. ಹೆಂಡತಿಯ ಹೆಸರು ಮರೆತವರು, ಮೊದಲ ತುತ್ತು ನಾಯಿಗೆ ಎಂಬ ರೂಢಿ ಮರೆತಿರಲಿಲ್ಲ.

ನಾಯಿ ಗುಳುಂ ಅನ್ನಿಸಿತು. ಊಟ ಮುಗಿದು ಸ್ವಲ್ಪ ಹೊತ್ತಿಗೆ ಕಾಗೆ, ಕೋಳಿ, ಕರೆಂಟು ಕಂಬ ಒಂದನ್ನೂ ಬಿಡದೆ ಬೊಗಳತೊಡಗಿತು. ಯಜಮಾನರು ಎದ್ದು ನಿಂತು, "ಸುಮ್ಕಿರ್ಲಾ, ಬಡ್ಡೈದ್ನೆ!" ಎಂದು ಅದರ ವಂಶವನ್ನೆಲ್ಲ ಜಾಲಾಡಿದರು.

ಈ ಮನೆಗೆ ಬಂದದ್ದು ಅಸಲಿ ಮಾತ್ರೆಯೇ ಎಂದು ಆಗ ಖಾತ್ರಿಯಾಯಿತು.

"ನಿಲ್ಲಿಸಬೇಕಮ್ಮ," ಅಂದೆ. "ಮಾತ್ರೆಯನ್ನ ನಾಯಿ ತಿಂತಿದೆ."

ಆಕೆ ಬೈಯುತ್ತಿದ್ದ ಗಂಡನನ್ನು ಕಣ್ತುಂಬ ನೋಡಿದರು. ಆಮೇಲೆ ಅಂಗಳಕ್ಕಿಳಿದು ನಾಯಿಯನ್ನು ಬಿಗಿಯಾಗಿ ತಬ್ಬಿ, ಅದರ ಮುಂಗಾಲು ನನ್ನತ್ತ ಚಾಚಿದರು.

"ನಿಲ್ಲಿಸ್ಬೇಡ ಕಣವ್ವ. ಆ ಕಾಗ್ದ ತೆಗಿ, ಇದ್ರ ಎಬ್ಬೆಟ್ಟೂ ಒತ್ತುಸ್ಕೊ!"